ಬಾಯಲ್ಲಿದ್ದ ವೀಳ್ಯ

ಫ್ಯಾನು ನಿಂತಿತೆಂದರೆ ನಾನು ಎದ್ದು ನಿಲ್ಲುತ್ತೇನೆ. ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಪಕ್ಕದ ಸೈಟಿನಲ್ಲಿರುವ ಟವರಿನ ಜನರೇಟರು ಶುರುವಾಗುತ್ತದೆ. ಶುರುವಾಗುವ ಮುಂಚೆಯೇ ನನಗೆ ಅದು ಕೇಳಿಸತೊಡಗುತ್ತದೆ. ಕೆಲವೊಮ್ಮೆ ಫ್ಯಾನು ತಿರುಗುತ್ತಿರುವಾಗಲೂ ಎದ್ದುಬಿಡುತ್ತೇನೆ.

"ಕರೆಂಟ್ ಹೋಗಿಲ್ಲ, ಕೂತ್ಕಳಿ" ಎನ್ನುತ್ತಾಳೆ ನನ್ನ ಹೆಂಡತಿ. "ಅನ್ನ ಆರ್ತೈತೆ."

ನಮ್ಮೂರು ಹಳೇಬೀಡಿನಿಂದ ಬೇಲೂರಿಗೆ ಹೋಗುವ ದಾರಿಯಲ್ಲಿದೆ. ಟವರಿರುವ ಸೈಟಿನ ಒಂದು ಪಕ್ಕ ನನ್ನ ಮನೆ, ಇನ್ನೊಂದು ಪಕ್ಕ ಅಕ್ಕನ ಮನೆ. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ಬೀದಿಗೆಲ್ಲ ಅಕ್ಕ. ಗಂಡ ತೀರಿಕೊಂಡ ಮೇಲೆ ಅಕ್ಕಿ ಹಪ್ಪಳ, ಸಂಡಿಗೆ ಮಾಡಿ ಬೇಲೂರಿನ ಅಂಗಡಿಗಳಿಗೆ ಕೊಟ್ಟು ಬದುಕುತ್ತಿರುವವಳು. ಬೇಸಿಗೆಯಲ್ಲಿ ಅವಳ ತಾರಸಿಯ ತುಂಬ ಹಳೆಯ ಸೀರೆಗಳು, ಅವುಗಳ ಮೇಲೆ ಬಿಳಿ ಹಪ್ಪಳ.

ಟವರು ಮೊದಲು ಬೇರೆ ಕಡೆ ಬರಬೇಕಿತ್ತು. ಅಲ್ಲಿಂದ ಹಳೆಯ ಬಸದಿ ಹತ್ತಿರವಾಗುತ್ತದೆ, ಕಾಯ್ದೆ ಒಪ್ಪುವುದಿಲ್ಲ ಎಂದರು. ಕಲ್ಲಿನ ಗೋಡೆಗೆ ಎಷ್ಟು ದೂರ ಬಿಡಬೇಕು ಎನ್ನುವುದಕ್ಕೆ ಅಳತೆ ಇತ್ತು. ಹಪ್ಪಳ ಒಣಗುವ ತಾರಸಿಗೆ ಅಂಥ ಅಳತೆ ಇದೆಯೋ ಇಲ್ಲವೋ, ನಾನು ಕೇಳಲಿಲ್ಲ. ಕೇಳಬೇಕಾದವನು ನಾನೇ. ಆಗ ನಮ್ಮ ವಾರ್ಡಿನ ಪಂಚಾಯ್ತಿ ಸದಸ್ಯ ನಾನು.

ಟವರಿನ ವಿಷಯ ಸಭೆಗೆ ಬಂದ ದಿನ ಬೆಳಿಗ್ಗೆ ಅಕ್ಕ ಕರೆದಳು. ಜಗಲಿಯ ಮೇಲೆ ಎಲೆ ಅಡಿಕೆ ತಟ್ಟೆ ಇಟ್ಟುಕೊಂಡು ಕೂತಿದ್ದಳು.

"ಟವರ್ ಬರ್ಲಿ, ಬ್ಯಾಡ ಅನ್ನಕಿಲ್ಲ. ನನ್ ಫೋನ್‌ಗೂ ಸಿಗ್ನಲ್ ಇಲ್ಲ. ಆ ಹೊಗೆ ಮಿಷನ್ ಮಾತ್ರ ನನ್ ಗೋಡೆ ಕಡೆ ಇಕ್ಕಬ್ಯಾಡಿ ಅಂತ ಹೇಳು ತಮ್ಮ. ಮಸಿ ಬಿದ್ರೆ ಯಾರ್ ತಗೋತಾರೆ ನನ್ ಹಪ್ಪಳನ?"

"ನೀನೇ ಬಂದು ಹೇಳಕ್ಕ."

"ನಾನ್ ಅಲ್ ನಿಂತ್ಕಂಡು ಏನ್ ಮಾತಾಡ್ಲಿ? ಓಟ್ ಹಾಕಿದ್ದು ಯಾಕ್ ಮತ್ತೆ ನಿಂಗೆ?" ಎಂದು ನಕ್ಕು ವೀಳ್ಯ ಕೊಟ್ಟಳು. ಎರಡು ಎಲೆ, ಒಂದು ಅಡಿಕೆ. ನಮ್ಮ ಕಡೆ ಹಾಗೆ ಕೊಟ್ಟ ಎಲೆಯನ್ನು ತೆಗೆದುಕೊಂಡರೆ ಮಾತು ತೆಗೆದುಕೊಂಡ ಹಾಗೆ. ನಾನು ಅಲ್ಲೇ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡೆ.

ಪಂಚಾಯ್ತಿ ಬಾಗಿಲಲ್ಲಿ ಟವರಿನವರ ಮನುಷ್ಯ ಸಿಕ್ಕಿದ. ಸೈಟು ಸಣ್ಣದು ಸಾರ್, ಜನರೇಟರು ಆ ಗೋಡೆಗೆ ಬೇಡವಾದರೆ ಈ ಗೋಡೆಗೆ ಬರುತ್ತದೆ ಎಂದ. ಈ ಗೋಡೆ ಎಂದರೆ ನನ್ನದು. ನಾನು ಮಧ್ಯಾಹ್ನ ಮಲಗುವ ಕೋಣೆ.

ಸಭೆಯಲ್ಲಿ ಪಂಚಾಯ್ತಿ ಅಧಿಕಾರಿ ನಕ್ಷೆ ತೋರಿಸಿ, "ಈ ವಾರ್ಡಿನಿಂದ ತಕರಾರು ಏನಾದರೂ ಇದೆಯೇ?" ಎಂದು ಕೇಳಿದರು. ನನ್ನ ಕಡೆ ನೋಡಿದರು. ನಾನು ಅಡಿಕೆ ಜಗಿಯುತ್ತಿದ್ದೆ. ಬಾಯಿ ತುಂಬಿದೆ ಎಂಬಂತೆ ಕೈಯಾಡಿಸಿದೆ. ತಕರಾರು ಇಲ್ಲವೆಂದು ಬರೆದುಕೊಂಡರು. ನಾನು ಸುಳ್ಳು ಹೇಳಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅವಳು ಕೊಟ್ಟ ಎಲೆಯನ್ನೇ ಅಡ್ಡ ಇಟ್ಟುಕೊಂಡು ಅವಳ ಮಾತನ್ನು ನುಂಗಿದ್ದೆ.

ಮೊದಲ ಬೇಸಿಗೆಯಲ್ಲೇ ಅಂಗಡಿಯವರು ಹಪ್ಪಳ ವಾಪಸು ಕಳಿಸಿದರು. ಅಕ್ಕ ಒಂದನ್ನು ಬಿಸಿಲಿಗೆ ಹಿಡಿದು ನೋಡಿದಳು. ಸಾಸಿವೆ ಒಗ್ಗರಣೆ ಬಿದ್ದ ಹಾಗೆ ಕಪ್ಪು ಚುಕ್ಕೆ. "ಹೇಳ್ದೆ ತಾನೆ ನೀನು?" ಎಂದು ಕೇಳಿದಳು. ನಾನು ತಲೆಯಾಡಿಸಿದೆ. ಆ ತಲೆಯಾಡಿಸಿದ್ದು ಮಾತ್ರ ಸುಳ್ಳೇ. ಸಭೆಯಲ್ಲಿ ಏನಾಯಿತೆಂದು ಬೀದಿಗೆ ಗೊತ್ತಿತ್ತು, ಅವಳೂ ಗೊತ್ತಿದ್ದೇ ಕೇಳಿದ್ದಳು.

ಅಂದಿನಿಂದ ನನಗೆ ಮನೆಯಲ್ಲಿ ಕೂರಲಾಗುವುದಿಲ್ಲ. ಜನರೇಟರು ಶುರುವಾದರೆ ಚಪ್ಪಲಿ ಮೆಟ್ಟುತ್ತೇನೆ. ಹಳೇಬೀಡಿನ ಕೆರೆ ಏರಿಗೆ ಹೋಗುತ್ತೇನೆ, ಬಸ್ತಿಹಳ್ಳಿಯ ಕಡೆ ತಿರುಗುತ್ತೇನೆ, ಸುಮ್ಮನೆ ಬೇಲೂರು ಬಸ್ಸು ಹತ್ತಿ ಮುಂದಿನ ಸ್ಟಾಪಿನಲ್ಲೇ ಇಳಿದುಬಿಡುತ್ತೇನೆ. ಎಲ್ಲಿ ನಿಂತರೂ ಇಷ್ಟು ಹೊತ್ತಿಗೆ ಹೊಗೆ ಯಾವ ಕಡೆ ತಿರುಗಿರಬಹುದು ಎಂದು ಗಾಳಿ ನೋಡುತ್ತೇನೆ.

ಈ ವರ್ಷ ಟವರಿನ ಅನುಮತಿ ಮುಂದುವರಿಸುವ ವಿಷಯ ಗ್ರಾಮಸಭೆಗೆ ಬಂತು. ನಾನೀಗ ಸದಸ್ಯನಲ್ಲ. ಆದರೂ ಆ ಬೆಳಿಗ್ಗೆ ಅಕ್ಕನ ಜಗಲಿಗೆ ಹೋದೆ. ಅಂದು ನಾನು ಬಾಯಿ ಬಿಡಲಿಲ್ಲ ಎಂದು ಕೊನೆಗೂ ಹೇಳಿದೆ. ಅವಳು ಅಕ್ಕಿ ಆರಿಸುತ್ತಲೇ ಇದ್ದಳು.

"ಇವತ್ತು ಹೇಳ್ತೀನಿ. ವೀಳ್ಯ ಕೊಡಕ್ಕ."

"ಅವತ್ತಿಂದೇ ಇನ್ನೂ ನಿನ್ ಬಾಯಾಗೈತೆ" ಎಂದಳು. "ಅದನ್ನ ಮುಗ್ಸು ಹೋಗು."

ಬರಿಬಾಯಲ್ಲಿ ಹೋದೆ. ಸಭೆಯಲ್ಲಿ ಎದ್ದು ನಿಂತೆ. ಅಂದು ಅಕ್ಕ ನನ್ನ ಕೈಗೆ ತಕರಾರು ಕೊಟ್ಟಿದ್ದಳು, ನನ್ನ ಗೋಡೆ ಉಳಿಸಿಕೊಳ್ಳಲು ನಾನು ಅದನ್ನು ಹೇಳಲಿಲ್ಲ ಎಂದೆ. ಹಿಂದಿನಿಂದ ಯಾರೋ, "ಈಗ ಹೇಳ್ತಾವ್ನೆ ನೋಡ್ಲಾ, ಮೆಂಬರ್‌ಗಿರಿ ಹೋದ್ಮೇಲೆ" ಎಂದರು. ಕೆಲವರು ನಕ್ಕರು. ಅಧಿಕಾರಿ ನಗಲಿಲ್ಲ.

"ಹಾಗಾದರೆ ಜನರೇಟರು ನಿಮ್ಮ ಕಡೆ ಬರಬೇಕಾಗುತ್ತದೆ. ಒಪ್ಪಿಗೆಯೇ?"

"ಒಪ್ಪಿಗೆ" ಎಂದೆ. ಜಾಗ ಬದಲಿಸಿದ ಮೇಲೆಯೇ ಅನುಮತಿ ಎಂದು ತೀರ್ಮಾನವಾಯಿತು. ಮನೆಗೆ ಬಂದು ಹೇಳಿದಾಗ ಹೆಂಡತಿ, "ನನ್ನನ್ನ ಕೇಳಿದ್ರಾ?" ಎಂದಳು. ಅವಳನ್ನೂ ಕೇಳಿರಲಿಲ್ಲ.

ಜನರೇಟರು ಇನ್ನೂ ಆ ಗೋಡೆಯಲ್ಲೇ ಇದೆ. ಬಂದು ಅಳತೆ ಮಾಡಿಕೊಂಡು ಹೋಗಿದ್ದಾರೆ. ನಿನ್ನೆ ಊಟದ ನಡುವೆ ಕರೆಂಟು ಹೋಯಿತು. ಕೈ ತೊಳೆದು ಕೆರೆಯ ಕಡೆ ಹೊರಟವನು ಅಕ್ಕನ ಮನೆಯ ಮುಂದೆ ನಿಂತೆ. ಮೇಲೆ ತಾರಸಿಯಲ್ಲಿ ಅವಳು ಹೊಗೆ ಬರುವ ಮೊದಲೇ ಹಪ್ಪಳದ ಮೇಲೆ ಸೀರೆ ಮಡಚಲು ಒಬ್ಬಳೇ ಒದ್ದಾಡುತ್ತಿದ್ದಳು. ಹತ್ತಿ ಹೋದೆ. ಅವಳು ತಿರುಗಿ ನೋಡಲಿಲ್ಲ.

"ಆ ತುದಿ ಹಿಡ್ಕ" ಎಂದಳು. "ಬೇಗ."

ಹಿಡಿದೆ. ಕೆಳಗೆ ಜನರೇಟರು ಕೆಮ್ಮಿ ಶುರುವಾಯಿತು.