ಬೂಸ್ಟರಿಗೆ ಅಂಟಿಸಿದ ಚೀಟಿ

ಎಂಬತ್ತಾರರ ಬೇಸಿಗೆಯಲ್ಲಿ ನಾನು ನಲವತ್ತೊಂದು ದಿನ ವೋಲ್ಟೇಜ್ ಬರೆದಿಟ್ಟೆ. ಅಜ್ಜಂಪುರದಿಂದ ಬರುವ ಕರೆಂಟ್ ಲೈನು ನಮ್ಮೂರಲ್ಲಿ ಮುಗಿಯುತ್ತಿತ್ತು. ಕೊನೆಯ ಕಂಬ ಆರೋಗ್ಯ ಕೇಂದ್ರದ್ದು. ಅಮ್ಮ ಅಲ್ಲಿ ನರ್ಸ್. ಅಲ್ಲಿದ್ದ ಒಂದೇ ಫ್ರಿಜ್ಜಿನಲ್ಲಿ ಮಕ್ಕಳ ಪೋಲಿಯೊ ಹನಿ, ತಣ್ಣಗಿರದಿದ್ದರೆ ಕೆಲಸಕ್ಕೆ ಬಾರದ್ದು. ಪಕ್ಕದಲ್ಲಿ ವೋಲ್ಟೇಜ್ ಸರಿದೂಗಿಸಲು ಕೈಯಿಂದ ತಿರುಗಿಸುವ ಬೂಸ್ಟರ್ ಪೆಟ್ಟಿಗೆ. ವೋಲ್ಟೇಜ್ ಇಳಿದರೆ ಗುಂಡಿಯನ್ನು ನಾಲ್ಕಕ್ಕೆ ತಿರುಗಿಸಬೇಕು, ಏರಿದರೆ ಒಂದಕ್ಕೆ. ಮರೆತರೆ ಫ್ರಿಜ್ಜು ಸುಡುತ್ತದೆ.

ಪಾಲಿಟೆಕ್ನಿಕ್ ರಜೆಗೆ ಬಂದಿದ್ದ ನಾನು ದಿನಕ್ಕೆ ಮೂರು ಸಲ ಮೀಟರಿನ ಮುಳ್ಳು ನೋಡಿ, ಹೊರಗೆ ನಿಂತು, ಓಡುತ್ತಿರುವ ಪಂಪ್‌ಸೆಟ್ಟುಗಳನ್ನು ಎಣಿಸುತ್ತಿದ್ದೆ. ಒಂದೂ ಓಡದಿದ್ದರೆ ಇನ್ನೂರ ಹದಿನೈದು. ಏಳು ಓಡಿದರೆ ನೂರ ಎಪ್ಪತ್ತು. ಗ್ರಾಫ್ ಹಾಳೆಯ ಚುಕ್ಕೆಗಳೆಲ್ಲ ಒಂದೇ ಗೆರೆಗೆ ಬಂದವು. ಮೇ ತಿಂಗಳ ಎರಡು ಮಳೆಯಲ್ಲೂ ಪಂಪುಗಳು ನಿಂತು ಮುಳ್ಳು ಮೇಲಕ್ಕೆ ಹಾರಿತ್ತು. ಅಷ್ಟು ಸಾಕೆನಿಸಿತು. ಚೀಟಿ ಬರೆದು ಬೂಸ್ಟರಿಗೆ ಅಂಟಿಸಿದೆ: ಮಳೆ ಬಂದರೆ ಒಂದಕ್ಕೆ.

"ಮುಳ್ಳು ನೋಡೋದು ಬ್ಯಾಡ್ವೇನೋ?" ಅಂದಳು ಅಮ್ಮ.

"ನೋಡ್ತಾ ನಿಂತ್ರೆ ಅಷ್ಟರಲ್ಲಿ ಸುಟ್ಟೋಗುತ್ತೆ ಕಣಮ್ಮ. ನಲವತ್ತೊಂದು ದಿನದ ಲೆಕ್ಕ ಇದು."

"ಆಯ್ತು ಬಿಡಪ್ಪ, ಇಂಜಿನಿಯರ್ ಸಾಹೇಬ."

ಜೂನ್ ಮೊದಲ ಮಂಗಳವಾರ ಕಡೂರಿಗೆ ಹೋಗಿದ್ದೆ. ಸಂಜೆ ಬಸ್ಸಿಳಿದಾಗ ಕೆಮ್ಮಣ್ಣುಗುಂಡಿ ಕಡೆ ಆಕಾಶ ಕಪ್ಪಾಗಿತ್ತು. ಇಲ್ಲಿ ಬಿದ್ದ ಹನಿಗೆ ರಸ್ತೆಯ ಧೂಳೂ ಅಡಗಿರಲಿಲ್ಲ. ಹೊಲಗಳಿಂದ ಪಂಪುಗಳ ಸದ್ದು. ಅಭ್ಯಾಸದಂತೆ ಎಣಿಸುತ್ತ ನಡೆದೆ. ಏಳು. ಆಚೆ ಇನ್ನೊಂದು, ಎಂಟು. ಯಾರೂ ನಿಲ್ಲಿಸಿರಲಿಲ್ಲ. ಚೀಟಿ ನೆನಪಾಯಿತು, ಓಡಿದೆ.

ಫ್ರಿಜ್ಜು ನರಳುತ್ತಿತ್ತು. ಮುಳ್ಳು ನೂರ ಅರವತ್ತೈದರಲ್ಲಿ, ಗುಂಡಿ ಒಂದರಲ್ಲಿ. ನಾನು ಕೈ ಚಾಚುವಷ್ಟರಲ್ಲಿ ಸದ್ದು ನಿಂತು ಸುಟ್ಟ ವಾಸನೆ ಬಂತು.

"ಮಧ್ಯಾಹ್ನ ನಾಕು ಹನಿ ಬಿತ್ತಲ್ಲ, ಆಗ್ಲೇ ಇಳಿಸ್ದೆ. ನೀನೇ ಬರ್ದಿದ್ಯಲ್ಲೋ" ಅಂದಳು ಅಮ್ಮ.

ನಾನು ಎಣಿಸಿದ್ದು ಪಂಪು, ಬರೆದಿದ್ದು ಮಳೆ. ಬಾಟಲಿಗಳು ಆಗಲೇ ಬೆಚ್ಚಗಿದ್ದವು.

ಗುರುವಾರ ಹನಿ ಹಾಕುವ ದಿನ. ಜಗಲಿಯ ಮೇಲೆ ಇಪ್ಪತ್ತಮೂರು ಮಕ್ಕಳು. ಅಮ್ಮ ಎಲ್ಲರನ್ನೂ ವಾಪಸ್ ಕಳಿಸಿದಳು. ಕಂಕುಳಲ್ಲಿ ಕೂಸು ಎತ್ತಿಕೊಂಡು ದೂರದ ಹಟ್ಟಿಯಿಂದ ನಡೆದು ಬಂದಿದ್ದವಳೊಬ್ಬಳು ಕದಲಲಿಲ್ಲ.

"ಇರೋದ್ನೇ ಎರಡು ಹನಿ ಹಾಕ್ರಮ್ಮ, ಏನಾಗಲ್ಲ."

"ಏನೂ ಆಗಲ್ಲ ಅಂತ್ಲೇ ಹಾಕ್ತಿಲ್ಲ ಕಣವ್ವ. ಹಾಕಿಸ್ದೆ ಅಂತ ನೀನು ನೆಮ್ಮದಿಯಾಗಿರ್ತೀಯ, ಕಾಯಿಲೆ ಬಿಡುತ್ತಾ? ಮುಂದಿನ ತಿಂಗಳು ಬಾ."

"ಬಿತ್ತನೆ ಟೈಮಲ್ಲಿ ಯಾರು ಬತ್ತಾರೆ?" ಎಂದು ಅವಳು ಹೊರಟಳು.

ಜುಲೈನಲ್ಲಿ ಹೊಸ ಹನಿ ಹಾಕುವ ಗುರುವಾರ ಬಾಗಿಲಲ್ಲೇ ಕೂತು, ಬಂದ ಮಗುವಿಗೊಂದರಂತೆ ಗೀಟು ಎಳೆದೆ. ಮಧ್ಯಾಹ್ನದವರೆಗೆ ಹದಿನೇಳು. ಅವಳು ಬಂದಿರಲಿಲ್ಲ.