ಗಲಗಲಮ್ಮ ಕೇಳಿ ಪಡೆದ ಬೈಗುಳ

ಹೆಣ್ಣುಮಕ್ಕಳ ಆ ವಸತಿಶಾಲೆಯ ವಾರ್ಡನ್ನರ ಸೊಂಟದಲ್ಲಿ ಸದಾ ಬೀಗದ ಕೈಗಳ ಗೊಂಚಲು ತೂಗುತ್ತಿತ್ತು. ಅದರ ಸದ್ದು ಕಿವಿಗೆ ಬಿದ್ದೊಡನೆ ಹರಟೆ ತಾನಾಗಿ ನಿಲ್ಲುತ್ತಿದ್ದುದರಿಂದ ಹುಡುಗಿಯರು ಆಕೆಗೆ ಗಲಗಲಮ್ಮ ಎಂದು ಹೆಸರಿಟ್ಟಿದ್ದರು. ಗಂಡ ತೀರಿದ ಮೇಲೆ ಹೊದಿಕೆಗಳನ್ನು ಹೊಲಿಯಲೆಂದು ಬಂದವರು ಕ್ರಮೇಣ ಇಡೀ ಹಾಸ್ಟೆಲನ್ನು ಹಿಡಿತಕ್ಕೆ ತಂದುಕೊಂಡಿದ್ದರು. ಸಡಿಲ ಜಡೆಯನ್ನಾಗಲಿ ಸುಳ್ಳು ಹೊಟ್ಟೆನೋವನ್ನಾಗಲಿ ಸಹಿಸುತ್ತಿರಲಿಲ್ಲ. ಜ್ವರ ನಿಜವಾದರೆ ಮಾತ್ರ ಹಾಸಿಗೆಯ ಪಕ್ಕದಿಂದ ಏಳುತ್ತಿರಲಿಲ್ಲ.

ಆ ವರ್ಷ ಮೂಲೆಮಂಚದ ಹುಡುಗಿ ಊಟ ಬಿಡತೊಡಗಿದಳು. ಗಣಿತದಲ್ಲಿ ಮುಂದಿದ್ದವರ ತರಗತಿಗೆ ಹೊಸದಾಗಿ ಸೇರಿದ್ದಳು. ದಿನಕ್ಕೊಬ್ಬರು ಕಪ್ಪುಹಲಗೆಯ ಮುಂದೆ ನಿಂತು ಲೆಕ್ಕ ಬಿಡಿಸುವುದು, ಮೇಷ್ಟ್ರು ಸಾಲುಸಾಲಿಗೂ ಕೆಣಕುವುದು ಆ ತರಗತಿಯ ವಾಡಿಕೆ. ಅಲ್ಲಿ ಅವಳು ಅತ್ತುಬಿಟ್ಟಿದ್ದಳು.

ಗಲಗಲಮ್ಮ ನೇರವಾಗಿ ಮೇಷ್ಟ್ರ ಬಳಿ ಹೋದರು. "ಸ್ವಲ್ಪ ದಿನ ಅವಳನ್ನ ಬೋರ್ಡಿಗೆ ಕರೀಬೇಡಿ ಸಾರ್. ಮನೆ ಬಿಟ್ಟು ಬಂದಿರೋ ಮಗು."

ಮೇಷ್ಟ್ರು ಕರೆಯುವುದರ ಜೊತೆಗೆ ಬೈಯುವುದನ್ನೂ ಬಿಟ್ಟರು. ಗಲಗಲಮ್ಮ ಬಿಸಿಹಾಲು ಕೊಟ್ಟು, ಸಂಜೆಯ ಓದಿನಿಂದ ವಿನಾಯಿತಿಯನ್ನೂ ಕೊಟ್ಟರು. ಹುಡುಗಿ ಇನ್ನಷ್ಟು ಇಳಿದುಹೋದಳು.

ಶನಿವಾರ ಬೆಳಿಗ್ಗೆ ಅವಳು ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು. ಮರುದಿನ ನೋಡಲು ಬರಲಿದ್ದ ಅಪ್ಪನೊಂದಿಗೆ ಶಾಲೆ ಬಿಟ್ಟು ಹೊರಡುವ ನಿರ್ಧಾರ ಮಾಡಿಯಾಗಿತ್ತು.

"ಯಾರು ಏನಂದ್ರೇ?" ಹಾಲಿನ ಲೋಟ ಹಿಡಿದು ಬಂದ ಗಲಗಲಮ್ಮ ಕೇಳಿದರು.

"ಯಾರೂ ಏನೂ ಅನ್ನಲ್ಲಮ್ಮ. ಮೇಷ್ಟ್ರು ಪಕ್ಕದವಳಿಗೆ ಬೈತಾರೆ, ಹಿಂದಿನವಳಿಗೆ ಬೈತಾರೆ. ನನಗೆ ಮಾತ್ರ 'ಇರಲಿ ಬಿಡಮ್ಮ' ಅಂತಾರೆ. ನನ್ನ ಕೈಲಾಗಲ್ಲ ಅಂತ ಎಲ್ರಿಗೂ ಗೊತ್ತಾಗಿದೆ. ನೀವೂ ಹಾಲು ಕೊಡ್ತಿದ್ದೀರಿ."

ಗಲಗಲಮ್ಮ ಲೋಟವನ್ನು ಕಿಟಕಿಯಲ್ಲಿಟ್ಟು ಕುಳಿತರು. "ಬೋರ್ಡಿಗೆ ಕರೀಬೇಡಿ ಅಂದಿದ್ದು ನಾನು ಕಣೇ."

ಮಡಿಸುತ್ತಿದ್ದ ಕೈ ನಿಂತಿತು. "ಮೇಷ್ಟ್ರೇ ನನ್ನ ಕೈಬಿಟ್ಟಿದ್ದಲ್ವಾ?"

"ಅಲ್ಲ. ಈಗ ಕರೆದ್ರೆ ಹೋಗ್ತೀಯಾ? ತಪ್ಪಾಗುತ್ತೆ, ಬೈಗುಳಾನೂ ಬೀಳುತ್ತೆ."

"ಬೀಳಲಿ."

ಗಲಗಲಮ್ಮ ಮತ್ತೆ ಮೇಷ್ಟ್ರ ಬಳಿ ಹೋಗಿ, ಅವಳನ್ನೂ ಬೋರ್ಡಿಗೆ ಕರೆದು ಉಳಿದವರಂತೆಯೇ ಬೈಯಬೇಕೆಂದು ಕೇಳಿಕೊಂಡರು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಬೈಗುಳ ಕೇಳ್ಕೊಂಡು ಬಂದ ವಾರ್ಡನ್ನ ಇವತ್ತೇ ನೋಡಿದ್ದು. ಮತ್ತೆ ಅತ್ರೆ?"

"ಹಿಂದಿನ ಬೆಂಚಲ್ಲಿ ಹೊಲಿಗೆ ಹಿಡ್ಕೊಂಡು ಕೂತಿರ್ತೀನಿ. ಲೆಕ್ಕ ನಿಮ್ಮದು, ಕಣ್ಣೀರು ನನ್ನದು."

ಮಧ್ಯಾಹ್ನ ಹುಡುಗಿ ಸೀಮೆಸುಣ್ಣ ಹಿಡಿದು ನಿಂತಳು. ಮೂರನೆಯ ಸಾಲಿನಲ್ಲೇ ಲೆಕ್ಕ ಕೆಟ್ಟಿತು.

"ಮೈನಸ್ಸು ಎಲ್ಲಿ ಹೋಯ್ತು? ಊಟ ಬಿಟ್ಟವಳು ಅದನ್ನ ಯಾಕೆ ನುಂಗಿದೆ?"

ತರಗತಿ ನಕ್ಕಿತು. ಹುಡುಗಿ ತಿರುಗಿ ಹಿಂದಿನ ಬೆಂಚಿನತ್ತ ನೋಡಿದಳು. ಗಲಗಲಮ್ಮ ತಲೆಯೆತ್ತದೆ ಸೂಜಿಗೆ ದಾರ ಪೋಣಿಸುತ್ತಿದ್ದರು. ಹುಡುಗಿ ಅಂಗೈಯಿಂದ ಸಾಲನ್ನು ಅಳಿಸಿ ಮತ್ತೆ ಬರೆದಳು. ಇನ್ನೊಮ್ಮೆ ಬೈಸಿಕೊಂಡಳು. ಲೆಕ್ಕ ಮುಗಿಯುವ ಹೊತ್ತಿಗೆ ಮೊಣಕೈವರೆಗೂ ಸುಣ್ಣದ ಪುಡಿ. "ಹೂಂ, ಸರಿ. ಸೋಮವಾರ ಇದಕ್ಕಿಂತ ಕಷ್ಟದ್ದು," ಎಂದರು ಮೇಷ್ಟ್ರು.

ಆ ಸಂಜೆ ಊಟದಲ್ಲಿ ಅವಳು ಎರಡನೆಯ ಸಲ ಬಡಿಸಿಕೊಳ್ಳಲು ತಟ್ಟೆ ಹಿಡಿದು ಬಂದಳು.

ಭಾನುವಾರ ಅಂಗಳದಲ್ಲಿ ಅಪ್ಪನನ್ನು ಎಳೆದುಕೊಂಡು ಹೋಗಿ, "ಅಪ್ಪಾ, ನನಗೆ ಬೈಯೋ ಮೇಷ್ಟ್ರು ಇವರೇ," ಎಂದು ಹೆಮ್ಮೆಯಿಂದ ಪರಿಚಯಿಸಿದಳು. ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಅಪ್ಪ ಕೈಮುಗಿದರು.

ಕಿಟಕಿಯಿಂದ ಅದನ್ನು ನೋಡಿದ ಗಲಗಲಮ್ಮ, ಹುಡುಗಿ ಬಟ್ಟೆಯನ್ನೆಲ್ಲ ಹೊರತೆಗೆದಿಟ್ಟಿದ್ದ ಟ್ರಂಕನ್ನು ಕಾಲಿನಿಂದಲೇ ಮಂಚದಡಿಗೆ ತಳ್ಳಿದರು. ಬೆಳಗಿನಿಂದ ಬೀಗದ ಕೈಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದುದು ಆಗ ಅರಿವಿಗೆ ಬಂತು. ಉಸಿರು ಬಿಟ್ಟು ಮುಷ್ಟಿ ಸಡಿಲಿಸಿದರು. ಪಕ್ಕದ ಕೋಣೆಯ ಹರಟೆ ತಟ್ಟನೆ ನಿಂತಿತು.