ಕಿವಿಯ ಅರ್ಥ

೧೯೪೪ರ ಚಳಿಗಾಲದಲ್ಲಿ ಕಲ್ಯಾಣಿಯಿಂದ ನನಗೊಂದು ಕಾರ್ಡು ಬಂತು. ಬಸವಕಲ್ಯಾಣವನ್ನು ಆಗ ನಾವು ಕಲ್ಯಾಣಿ ಎನ್ನುತ್ತಿದ್ದೆವು. ಮೊನ್ನೆ ಹಳೆಯ ಡಿಕ್ಷನರಿಯ ಧೂಳು ಒರೆಸುವಾಗ ಆ ಕಾರ್ಡು ಕೆಳಗೆ ಬಿತ್ತು. ಮಸಿ ಕಂದಿದೆ, ಅಕ್ಷರ ಇನ್ನೂ ಓದಲು ಬರುತ್ತದೆ...

ಬರೆದವರು ಹುಮನಾಬಾದಿನ ಶಾಲೆಯಲ್ಲಿ ನನ್ನೊಡನೆ ಇಂಗ್ಲಿಷ್ ಕಲಿಸುತ್ತಿದ್ದ ಹಿರಿಯ ಮಾಸ್ತರರು. ಮಧ್ಯಾಹ್ನದ ಬಿಡುವಿನಲ್ಲಿ ಅವರದೊಂದು ಆಟವಿತ್ತು. ಯಾರೂ ಬಳಸದ ಇಂಗ್ಲಿಷ್ ಶಬ್ದವೊಂದನ್ನು ಹುಡುಕಿ ಡಿಕ್ಷನರಿ ಮುಚ್ಚಬೇಕು. ನಮ್ಮ ಕಿವಿಗೆ ಅದು ಕನ್ನಡದಲ್ಲಿ ಹೇಗೆ ಕೇಳಿಸುತ್ತದೋ ಅದೇ ಅದರ ಅರ್ಥ.

"ಮಾಡ್ಲಿನ್," ಎಂದೆ ಒಂದು ದಿನ.

"ಮಾಡ್ಲೇನ್? ಮೈಗಳ್ಳ ದಿನಾ ಕೇಳೋ ಮಾತ್ರಿ ಅದು. ಪೇಪರ್ ತಿದ್ದೂ ಮುಂದ ನೀವು ಕೇಳ್ತೀರಲ್ಲ, ಹಂಗ."

"ಹುಲ್ಲಾಬಲೂ?"

"ಹುಲ್ಲು ಭಾಳ. ಬಣವಿ ದೊಡ್ಡದಿದ್ದಾಂವನ ಜಂಬ."

ನಾನು ನಗುತ್ತಿದ್ದೆ. ಅವರು ನಗದೆ ಮುಂದಿನ ಶಬ್ದಕ್ಕೆ ಕಾಯುತ್ತಿದ್ದರು.

ಮುಂದೆ ನಾನು ಹೈದರಾಬಾದಿನ ಪತ್ರಿಕೆಯೊಂದಕ್ಕೆ ಪ್ರೂಫ್ ತಿದ್ದಲು ಹೋದೆ. ಅವರು ಕೆಲಸದಿಂದ ನಿವೃತ್ತರಾಗಿ ತಮ್ಮೂರು ಕಲ್ಯಾಣಿಗೆ ಮರಳಿದರು. ಆಟ ಕಾರ್ಡುಗಳಲ್ಲಿ ನಡೆಯಿತು. ಒಬ್ಬರು ಶಬ್ದ ಕಳಿಸಿದರೆ ಇನ್ನೊಬ್ಬರು ಅರ್ಥ ಬರೆಯುವುದು.

ಆ ಚಳಿಗಾಲದ ಕಾರ್ಡಿನಲ್ಲಿದ್ದದ್ದು ಒಂದೇ ಶಬ್ದ: ಲುಗೂಬ್ರಿಯಸ್. ಪತ್ರಿಕೆಯ ಕೆಲಸದಲ್ಲಿ ನನಗೆ ಶಬ್ದ ಕಂಡರೆ ಡಿಕ್ಷನರಿ ತೆರೆಯುವ ಅಭ್ಯಾಸವಾಗಿತ್ತು. ತೆರೆದೆ. ಅಳುಮೋರೆಯ, ಶೋಕ ತುಂಬಿದ, ಎಂದಿತ್ತು. ಮಾಸ್ತರರಿಗೆ ಬೇಸರವಾಗಿದೆ ಅಂದುಕೊಂಡೆ. "ಅಳಬ್ಯಾಡ್ರಿ, ಯುಗಾದಿಗಿ ಬರ್ತೀನಿ" ಎಂದು ಬರೆದು ಹಾಕಿದೆ.

ಯುಗಾದಿಗೆ ಹೋದೆ. ಮಾಸ್ತರರು ತೀರಿಕೊಂಡು ತಿಂಗಳಾಗಿತ್ತು.

"ಅವರ ಕಾರ್ಡ್ ಮುಟ್ಟಲಿಲ್ಲೇನ್ರಿ?" ಎಂದು ಅವರ ಹೆಂಡತಿ ಕೇಳಿದರು.

"ಮುಟ್ಟಿತ್ರಿ. ಜಡ್ಡ ಆಗ್ಯದ ಅಂತ ಬರ್ದಿರಲಿಲ್ಲ."

"ಜಡ್ಡ ಅಂದ್ರ ಅಂಜ್ತಾರ, ಆಟದಾಗೇ ಬರೀತೀನಿ ಅಂದ್ರು. 'ಲಗೂ ಬರ್ರಿ ಅಂತ ಬರ್ದೀನಿ, ಅವರಿಗಿ ತಿಳೀತದ' ಅಂದ್ರು."

ಆ ಶಬ್ದವನ್ನು ನಾನು ಬಾಯಿಬಿಟ್ಟು ಅಂದದ್ದು ಅದೇ ಮೊದಲು. ಲುಗೂಬ್ರಿಯಸ್... ಲಗೂ ಬರ್ರಿ... ಬೇಗ ಬನ್ನಿ.

"ದಿನಾ ಬಾಗಿಲ ಕಡಿ ನೋಡ್ತಿದ್ರು," ಎಂದರು ಅವರು. "ನಿಮ್ಮ ಕಾರ್ಡ್ ಬಂದ ಮ್ಯಾಲ ನೋಡೂದು ಬಿಟ್ರು."

ಆ ಆಟವನ್ನು ಆಮೇಲೆ ನಾನು ಯಾರೊಡನೆಯೂ ಆಡಲಿಲ್ಲ. ಅವರ ಹೆಂಡತಿ ಹುಲಸೂರಿನ ತವರಿಗೆ ಹೋದರೆಂದು ತಿಳಿಯಿತು. ಕಳೆದ ವರ್ಷ ಬಸವಕಲ್ಯಾಣಕ್ಕೆ ಹೋದಾಗ ಆ ಮನೆಯಲ್ಲಿ ಬೇರೆಯವರಿದ್ದರು. ಮಾಸ್ತರರ ಹೆಸರು ಹೇಳಿದೆ. ಅವರಿಗೆ ಗೊತ್ತಿರಲಿಲ್ಲ.